ಗುಡ್ಡದಿಂದ ಇಳಿದ ತೊಲೆ

ನಮ್ಮ ಮನೆಯಲ್ಲಿ ಕಟ್ಟಿಗೆಯ ವಾಸನೆ ಇಲ್ಲದ ಮೂಲೆ ಇರಲಿಲ್ಲ. ತಲೆಬಾಗಿಲು ದಾಟಿ ಒಳಗೆ ಬಂದರೆ ಎಡಕ್ಕೆ ಕೋಣಗಳನ್ನು ಕಟ್ಟುವ ಕೊಟ್ಟಿಗೆ, ಬಲಕ್ಕೆ ಕೊಡಲಿ, ಹಾರೆ, ಹಗ್ಗ ಒಟ್ಟುವ ಕಟ್ಟೆ, ಅದನ್ನು ಹತ್ತಿದರೆ ಪಡಸಾಲೆ. ಪಡಸಾಲೆಯ ನಡುವೆ ಕರ್ರಗಿನ ಕಂಬಗಳು, ಕಂಬಗಳ ಮೇಲೆ ಅಡ್ಡಲಾಗಿ ಮಲಗಿದ ಒಂದೇ ಒಂದು ದೊಡ್ಡ ತೊಲೆ. ಆ ತೊಲೆ ಜಂತಿಗಳನ್ನು ಹೊತ್ತಿತ್ತು, ಜಂತಿಗಳು ಮಾಳಿಗೆಯ ಮಣ್ಣನ್ನು ಹೊತ್ತಿದ್ದವು, ಮಾಳಿಗೆಯ ಮೇಲೆ ಬೇಸಿಗೆಯಲ್ಲಿ ನಾವೆಲ್ಲ ಮಲಗುತ್ತಿದ್ದೆವು. ಹಿತ್ತಲಿಗೆ ಹೋದರೆ ಮರ ಕೊಯ್ಯುವ ಗುಂಡಿ. ಗುಂಡಿಯ ಮೇಲೆ ದಿಮ್ಮಿ ಇಟ್ಟು, ಮೇಲೆ ಒಬ್ಬರು, ಕೆಳಗೆ ಒಬ್ಬರು ನಿಂತು ಉದ್ದನೆಯ ಗರಗಸ ಎಳೆಯುತ್ತಿದ್ದರು. ಮೇಲೆ ನಿಲ್ಲುವವನು ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ, ಹನುಮಪ್ಪ. ಕೆಳಗೆ ನಿಂತು ತಲೆತುಂಬ ಹೊಟ್ಟು ಸುರಿಸಿಕೊಳ್ಳುವವನು ಅವನ ಗೆಳೆಯ ಕಾಶೀಮಸಾಬ. ಕಾಶೀಮಸಾಬನ ಮನೆ ನಮ್ಮ ಹಿತ್ತಲಿಗೆ ಹತ್ತಿಕೊಂಡೇ ಇತ್ತು. ನಡುವಿನ ಗೋಡೆ ಬಿದ್ದು ಎಷ್ಟೋ ವರ್ಷವಾಗಿದ್ದರೂ ಯಾರೂ ಕಟ್ಟುವ ಗೋಜಿಗೆ ಹೋಗಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕುಳಿತರೆ ಅವನ ಗಡ್ಡದ ಹೊಟ್ಟು ನಮ್ಮ ಆಯಿಯ, ಅಂದರೆ ಮುತ್ಯಾನ ಹೆಂಡತಿಯ, ಸಾರಿನ ಬಟ್ಟಲಿಗೆ ಉದುರುತ್ತಿತ್ತು.

"ಕಾಶೀಮಣ್ಣ, ಮೊದ್ಲ ಗಡ್ಡಾ ಝಾಡಿಸ್ಕೊಂಡು ಬರ್ರಿ."

"ಇರ್ಲಿ ಬಿಡ್ರಿ ವೈನಿ. ನಿಮ್ಮ ಗಂಡ ಮ್ಯಾಲಿಂದ ಉಗ್ಗಿದ್ದು ಇದು. ನಿಮ್ಮ ಮನೀದು ನಿಮಗಾ ಬಂತು."

ನಮ್ಮ ಊರು ಗಂಗಾವತಿಯಿಂದ ಹನುಮನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ, ಬಂಡೆಗುಡ್ಡದ ಬುಡಕ್ಕೆ ಅಂಟಿಕೊಂಡಿದೆ. ಈಗ ಅಲ್ಲಿಗೆ ಬರುವವರು ಬಂಡೆಗಳ ಮುಂದೆ ನಿಂತು ಫೋಟೋ ಹೊಡೆದುಕೊಳ್ಳುತ್ತಾರೆ. ಈ ಗುಡ್ಡಗಳು ಹುಟ್ಟಿದಾಗಿನಿಂದ ಬರೀ ಕಲ್ಲೇ ಎಂದು ಅವರು ತಿಳಿದಿದ್ದಾರೆ. ಗಂಗಾವತಿಯ ನನ್ನ ಕಟ್ಟಿಗೆ ಅಡ್ಡೆಯಲ್ಲಿ ಈಗ ಮಲೇಷಿಯಾದಿಂದ ಬಂದ ದಿಮ್ಮಿಗಳಿವೆ, ಪ್ಲೈವುಡ್ ಇದೆ. ಬಾಗಿಲ ಚೌಕಟ್ಟು ಕೊಳ್ಳಲು ಬಂದ ಹುಡುಗರಿಗೆ, ಒಂದು ಕಾಲಕ್ಕೆ ಈ ಸೀಮೆಯ ಬಾಗಿಲುಗಳೆಲ್ಲ ಆ ಗುಡ್ಡದಿಂದಲೇ ಇಳಿದು ಬಂದವು ಎಂದರೆ ನಕ್ಕು ಸುಮ್ಮನಾಗುತ್ತಾರೆ. ಕಮರ, ದಿಂಡಲ, ಬೇವು, ಹುಣಸೆ, ಒಂದೊಂದು ಸಂದಿಯಲ್ಲಿ ಒಂದೊಂದು. ನೆಲದ ಕಾಡಿನ ಹಾಗಲ್ಲ. ಬಂಡೆ ಸೀಳಿದ ಕಡೆ ಬೇರಿಳಿಸಿ, ನೀರಿಲ್ಲದೆ ನಿಧಾನವಾಗಿ ಬೆಳೆದ ಮರಗಳು, ಕಬ್ಬಿಣದ ಹಾಗೆ. ಅವುಗಳನ್ನು ಕಡಿಯುವುದು ದೊಡ್ಡ ಮಾತಲ್ಲ, ಇಳಿಸುವುದೇ ದೊಡ್ಡದು ಎಂದು ಮುತ್ಯಾ ಹೇಳುತ್ತಿದ್ದ. ನಿಜಾಮನ ಕಾಲದಲ್ಲಿ ಅವನ ಅಪ್ಪ ಕಡಿದದ್ದು ಹೆಚ್ಚು, ಕಾಲುವೆ ಬಂದಮೇಲೆ ಎಲ್ಲರೂ ಸೇರಿ ಕಡಿದದ್ದು ಇನ್ನೂ ಹೆಚ್ಚು. ಕಾಲುವೆಯ ಜೊತೆ ಭತ್ತ ಬಂತು, ಭತ್ತದ ಜೊತೆ ಆಂಧ್ರದ ಕಡೆಯ ಜನ ಬಂದರು, ಅವರಿಗೆ ಗುಡಿಸಲು ಬೇಕು, ಇಟ್ಟಿಗೆ ಭಟ್ಟಿಗೆ ಉರುವಲು ಬೇಕು, ನೇಗಿಲು ಬೇಕು. ನಾನು ಬುದ್ಧಿ ತಿಳಿಯುವ ಹೊತ್ತಿಗೆ ಗುಡ್ಡ ಬೋಳಾಗಿತ್ತು. ಮುತ್ಯಾನ ಕೆಲಸ ಹೊಲದ ಬದುವಿನ ಬೇವು, ಜಾಲಿಗಳಿಗೆ ಇಳಿದಿತ್ತು.

ಮರ ಕಡಿಯುವ ದಿನ ನಮ್ಮ ಮನೆಯಲ್ಲಿ ಒಂದು ಪದ್ಧತಿ. ನಸುಕಿನಲ್ಲಿ ಆಯಿ ಸ್ನಾನ ಮಾಡಿ ಮೊಸರನ್ನ, ಕಡಬು ಮಾಡಿ ಎಡೆ ಕಟ್ಟಿಕೊಡುತ್ತಿದ್ದಳು. ಮುತ್ಯಾ ಮರದ ಬುಡದಲ್ಲಿ ಎಡೆ ಇಟ್ಟು, ಕಾಯಿ ಒಡೆದು, ಕೊಡಲಿಯನ್ನು ಮರಕ್ಕೆ ಒರಗಿಸಿ ನಿಲ್ಲಿಸಿ ದೂರ ಹೋಗಿ ಕೂಡುತ್ತಿದ್ದ. ಕಾಶೀಮಸಾಬ ತನ್ನ ಪಾಡಿಗೆ ಕಣ್ಣು ಮುಚ್ಚಿ ದುವಾ ಮಾಡುತ್ತಿದ್ದ. ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತು ಕೊಡಲಿ ಬೀಳದೆ ನಿಂತರೆ ಮರ ಒಪ್ಪಿಗೆ ಕೊಟ್ಟಿತು ಎಂದರ್ಥ. ಬಿದ್ದರೆ ಆ ಮರದ ತಂಟೆಗೆ ಹೋಗುತ್ತಿರಲಿಲ್ಲ. ಇದೆಲ್ಲ ನಾವು ಕೇಳಿ ತಿಳಿದದ್ದು. ಹೆಂಗಸರು ಮರ ಬೀಳುವ ಜಾಗಕ್ಕೆ ಹೋಗುವಂತಿರಲಿಲ್ಲ. ಯಾಕೆ ಎಂದು ಕೇಳಿದರೆ ಮೊದಲಿನಿಂದ ಹಂಗೈತಿ ಎನ್ನುತ್ತಿದ್ದರು. ಆಯಿ ಆ ಮನೆಗೆ ಸೊಸೆಯಾಗಿ ತಳಕಲ್ಲಿನಿಂದ ಬಂದವಳು. ಎಷ್ಟು ಎಡೆ ಕಟ್ಟಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ. ಒಂದು ಮರವನ್ನೂ ಅದು ನಿಂತಲ್ಲಿ ಕಂಡಿರಲಿಲ್ಲ.

ಈ ಮನೆಗೆ ಅತ್ತಿ ತಿರುಗಿ ಬಂದಳು. ಅತ್ತಿ ಎಂದರೆ ಅಪ್ಪನ ತಂಗಿ ಹುಲಿಗೆವ್ವ. ಅವಳನ್ನು ತಾವರಗೇರಾಕ್ಕೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಮಾಡಿಕೊಂಡ. ಅತ್ತಿ ಜಗಳ ಮಾಡಲಿಲ್ಲ, ಪಂಚರನ್ನು ಕೂಡಿಸಲಿಲ್ಲ. ಒಂದು ಟ್ರಂಕು ಮತ್ತು ಒಂದು ಆಡು ತೆಗೆದುಕೊಂಡು ಬಸ್ಸಿನಲ್ಲಿ ಬಂದು ಇಳಿದಳು. ಕಂಡಕ್ಟರು ಆಡಿಗೆ ತಕರಾರು ತೆಗೆದಾಗ ಅದನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬಂದಳಂತೆ. ಆಯಿ ಬಾಗಿಲಲ್ಲಿ ಅವಳನ್ನು ಕಂಡವಳೇ ಅಳಲು ಶುರು ಮಾಡಿದಳು.

"ಅಳಬ್ಯಾಡ ಯವ್ವಾ, ಆಡು ಬೆದರ್ತೈತಿ," ಎಂದಳು ಅತ್ತಿ.

"ಆಡು ಯಾಕ ತಂದೀ ತಾಯಿ?"

"ಅದು ನಾ ಸಾಕಿದ್ದು. ಉಳಿದದ್ದೆಲ್ಲಾ ಅವರದು."

ಅತ್ತಿ ಬಂದಮೇಲೆ ಮನೆಯಲ್ಲಿ ನಗು ಹೆಚ್ಚಾಯಿತು. ಅಡುಗೆ ಮನೆಯಲ್ಲಿ ಮಾತ್ರ ಅವಳು ಕೆಲಸಕ್ಕೆ ಬಾರದವಳು. ಅವಳು ಬಡಿದ ಜೋಳದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು, ಅಂಚು ಹರಿದು ಯಾವುದೋ ಜಿಲ್ಲೆಯ ನಕಾಶೆಯ ಹಾಗೆ ಕಾಣುತ್ತಿತ್ತು. ನನ್ನ ಅವ್ವ ಒಳ್ಳೆಯವಳು. ಬಾಯಿ ಬಿಟ್ಟು ಏನೂ ಅನ್ನದೆ ಆ ರೊಟ್ಟಿಗಳನ್ನು ತನ್ನ ತಾಟಿಗೆ ಹಾಕಿಕೊಳ್ಳುತ್ತಿದ್ದಳು. ಒಂದು ವಾರ ನೋಡಿ ಅತ್ತಿಯೇ ಹೇಳಿದಳು, "ವೈನಿ, ಒಲಿ ನಿಮಗಿರ್ಲಿ. ಕೊಟ್ಟಿಗಿ ನನಗ ಬಿಡ್ರಿ." ಅಂದಿನಿಂದ ಕೋಣಗಳು ಅವಳವಾದವು. ಎರಡು ಕೋಣ, ಕರಿಯಾ ಮತ್ತು ದೊಡ್ಡ್ಯಾ. ದಿಮ್ಮಿ ಎಳೆಯುವುದಕ್ಕೆ ನಮ್ಮಲ್ಲಿ ಎತ್ತಿಗಿಂತ ಕೋಣವನ್ನೇ ಮೆಚ್ಚುತ್ತಿದ್ದರು. ಎತ್ತಿಗೆ ಅವಸರ, ಕೋಣ ಯೋಚನೆ ಮಾಡಿ ಹೆಜ್ಜೆ ಇಡುತ್ತದೆ. ಅತ್ತಿ ಅವುಗಳಿಗೆ ಮೈ ತಿಕ್ಕಿ, ಕೊಂಬಿಗೆ ಎಣ್ಣೆ ಹಚ್ಚಿ, ಮೇವು ಹಾಕುತ್ತ ತಾವರಗೇರಾದ ಸಂಗತಿಗಳನ್ನೆಲ್ಲ ಹೇಳುತ್ತಿದ್ದಳು. ನಮಗ್ಯಾರಿಗೂ ಹೇಳದ ಸಂಗತಿಗಳು. ನಾನು ಕಟ್ಟೆಯ ಮೇಲೆ ಕುಳಿತು ಕೇಳಿಸಿಕೊಳ್ಳುತ್ತಿದ್ದೆ. ನಡುನಡುವೆ ಅವಳು ದನಿ ತಗ್ಗಿಸಿದರೆ ಕರಿಯಾ ಕಿವಿ ತಿರುಗಿಸುತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ, ಮಾಳಿಗೆಯ ಮೇಲೆ ಶಾವಿಗೆ ಒಣಹಾಕಿ ನಾವೆಲ್ಲ ಕೆಳಗೆ ಊಟಕ್ಕೆ ಕುಳಿತಿದ್ದಾಗ, ಪಡಸಾಲೆಯ ತೊಲೆ ಸದ್ದು ಮಾಡಿತು. ಒಣ ಕಡ್ಡಿ ಮುರಿದಂಥ ಸಣ್ಣ ಸದ್ದು. ಆಮೇಲೆ ನನ್ನ ಅನ್ನದ ಮೇಲೆ ಮಣ್ಣು ಉದುರಿತು. ಮುತ್ಯಾ ಕೈ ತೊಳೆಯದೆ ಎದ್ದು, ಏಣಿ ಹತ್ತಿ, ತೊಲೆಗೆ ಚಾಕು ಚುಚ್ಚಿದ. ಚಾಕು ಹಿಡಿಕೆಯ ತನಕ ಒಳಗೆ ಹೋಯಿತು. ಗೆದ್ದಲು ಒಳಗಿನಿಂದ ತಿಂದು ಹೊರಗೆ ತೆಳ್ಳನೆಯ ಸಿಪ್ಪೆ ಬಿಟ್ಟಿತ್ತು. ಊರಿನ ಮನೆಗಳಿಗೆಲ್ಲ ತೊಲೆ ಕೂಡಿಸಿದವನ ಮನೆಯ ತೊಲೆ ಹೀಗಾಯಿತಲ್ಲ ಎಂದು ಜನ ನೋಡಲು ಬಂದರು. ಅದು ಮುತ್ಯಾನ ಮನಸ್ಸಿಗೆ ಭಾಳ ಹತ್ತಿತು. ತೊಲೆಯ ಕೆಳಗೆ ನಾಲ್ಕಾರು ಜಾಲಿಯ ಕಂಬ ಆನಿಸಿ ನಿಲ್ಲಿಸಿದರು. ಪಡಸಾಲೆ ದಟ್ಟ ಅಡವಿಯಾಯಿತು. ನಾವು ಮಕ್ಕಳು ಅದರೊಳಗೆ ಕಣ್ಣಾಮುಚ್ಚಾಲೆ ಆಡಿದರೆ ಅವ್ವ ಕಿರುಚಿ ಹೊರಗೆ ಎಳೆಯುತ್ತಿದ್ದಳು. ಮಳೆ ಬಂದು ಮಾಳಿಗೆಯ ಮಣ್ಣು ನೀರು ಕುಡಿದರೆ ಆ ಭಾರಕ್ಕೆ ಆನಿಕೆಗಳು ನಿಲ್ಲುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಅಷ್ಟು ಉದ್ದದ ತೊಲೆಗೆ ಮರ ಎಲ್ಲಿದೆ? ಮುತ್ಯಾಗೆ ಒಂದು ಗೊತ್ತಿತ್ತು. ಗುಡ್ಡದ ಹಿಂದಿನ ಕೊಳ್ಳದಲ್ಲಿ, ಎರಡು ಬಂಡೆಗಳ ನಡುವೆ ಒಂದು ಕಮರದ ಮರ. ಅವನ ಅಪ್ಪನೂ ಅದನ್ನು ನೋಡಿ, ಇಳಿಸುವ ದಾರಿಯಿಲ್ಲ ಎಂದು ಬಿಟ್ಟಿದ್ದ. ಆ ಭಯವೇ ಅದನ್ನು ಉಳಿಸಿತ್ತು. ಎರಡು ಮಳೆಗಾಲದ ಹಿಂದೆ ಅದಕ್ಕೆ ಸಿಡಿಲು ಬಡಿದು, ನಿಂತಲ್ಲೇ ಒಣಗಿತ್ತು. ಹಸಿ ಮರ ಮುಟ್ಟುವಂತಿರಲಿಲ್ಲ, ಅಷ್ಟು ಹೊತ್ತಿಗೆ ಕಾಯ್ದೆ ಬಿಗಿಯಾಗಿತ್ತು. ಒಣಗಿದ್ದಕ್ಕೆ ಜಂಗಲ್ ಖಾತೆಯವರು ಪಾಸು ಕೊಟ್ಟರು. ಇಳಿಸಿದರೆ ತಾನೇ ಎಂದು ಗಾರ್ಡ್ ನಕ್ಕನಂತೆ. ಮುತ್ಯಾ, ಕಾಶೀಮಸಾಬ, ಅಪ್ಪ ಮೂವರೂ ಹೋಗಿ ಎಡೆ ಇಟ್ಟು, ಕೊಡಲಿ ಒರಗಿಸಿ, ಮರ ಉರುಳಿಸಿ, ಕೊಂಬೆ ಸವರಿ ಬಂದರು. ಎಳೆದು ತರುವುದು ಅಪ್ಪನ ಕೆಲಸ. ಆದರೆ ಅದೇ ವಾರ ಯಾರದೋ ಚಕ್ಕಡಿಯಿಂದ ಬೇವಿನ ದಿಮ್ಮಿ ಇಳಿಸುವಾಗ ಅದು ಹೊರಳಿ ಅಪ್ಪನ ಪಾದದ ಮೇಲೆ ಬಿತ್ತು. ಪಾದ ಜಜ್ಜಿ ಹೋಯಿತು. ಕೊಪ್ಪಳದ ದವಾಖಾನೆಯಲ್ಲಿ ಕಟ್ಟು ಹಾಕಿ, ಮಳೆಗಾಲ ಮುಗಿಯುವ ತನಕ ನೆಲಕ್ಕೆ ಊರಬಾರದು ಎಂದರು.

ಮುತ್ಯಾ ಊರಿನ ಗಂಡಸರನ್ನು ಕರೆತಂದ. ಒಬ್ಬನಾದ ಮೇಲೆ ಒಬ್ಬ ಬಂದು ಕೋಣಗಳನ್ನು ಹೊಡೆದುಕೊಂಡು ಹೊರಟರು. ಕರಿಯಾ ಮತ್ತು ದೊಡ್ಡ್ಯಾ ಸಾವಕಾಶವಾಗಿ ಓಣಿ ದಾಟಿ, ನೇರ ಕಾಲುವೆಗೆ ಇಳಿದು, ಮೂಗಿನವರೆಗೆ ನೀರಿನಲ್ಲಿ ಕುಳಿತುಬಿಟ್ಟವು. ಬಾರುಕೋಲು, ಬೈಗುಳ, ಬೆಲ್ಲ ಯಾವುದಕ್ಕೂ ಏಳಲಿಲ್ಲ. ಕಡೆಗೆ ಅತ್ತಿ ದಂಡೆಯ ಮೇಲೆ ನಿಂತು, "ಸಾಕು, ಬರ್ರಿನ್ನ," ಎಂದಾಗ ಎದ್ದು ಬಂದವು. ಊರಿನ ಗಂಡಸರು ಅತ್ತಿಯ ಕಡೆ ಒಂದು ಥರಾ ನೋಡಿದರು. ಆ ಸಂಜೆ ಪಡಸಾಲೆಯ ಆನಿಕೆಗಳ ನಡುವೆಯೇ ಜಗಳ ನಡೆಯಿತು.

"ನಾ ಹೊಡಕೊಂಡ್ ಹೋಗ್ತೀನಿ ಅಪ್ಪಾ," ಎಂದಳು ಅತ್ತಿ.

"ಎಲ್ಲಿಗಿ?"

"ಕೊಳ್ಳಕ್ಕ."

"ನಮ್ಮ ಮನಿ ಹೆಣ್ಮಕ್ಕಳು ಅಲ್ಲಿಗಿ ಹೋಗೂದಿಲ್ಲ."

"ಹೋದ್ರ ಏನಾಗ್ತೈತಿ?"

"ಏನಾಗ್ತೈತೋ ಗೊತ್ತಿಲ್ಲ. ಮೊದ್ಲಿಂದ ಹಂಗೈತಿ."

"ಮೊದ್ಲಿಂದ ಹೋದವರಿಗಿ ಆಗಿಲ್ಲೇನು? ಅಣ್ಣನ ಕಾಲು ನೋಡು."

ಅಪ್ಪ ಗೋಡೆಗೆ ಒರಗಿ ಕಾಲು ಚಾಚಿಕೊಂಡಿದ್ದ. ಅವನು ನಗಬಾರದ ಹೊತ್ತಿನಲ್ಲಿ ನಕ್ಕ. ಮುತ್ಯಾಗೆ ಸಿಟ್ಟು ನೆತ್ತಿಗೇರಿತು. ಗಂಡನ ಮನೆ ಬಿಟ್ಟು ಬಂದವಳು ಈಗ ಗಂಡಸರ ಜೊತೆ ಗುಡ್ಡ ಹತ್ತಿದರೆ ಊರು ಏನನ್ನುತ್ತದೆ ಎಂದು ಅವನ ಬಾಯಿಂದ ಬಂದುಬಿಟ್ಟಿತು. ಅಲ್ಲಿಯವರೆಗೆ ನಗುತ್ತಿದ್ದ ಅತ್ತಿಯ ಮುಖ ಸಪ್ಪಗಾಯಿತು. ಎದ್ದು ಕೊಟ್ಟಿಗೆಗೆ ಹೋದಳು. ಅವಳು ಬಂದಾಗಿನಿಂದ ಆ ಮಾತನ್ನು ಮನೆಯಲ್ಲಿ ಯಾರೂ ಆಡಿರಲಿಲ್ಲ. ಕಾಶೀಮಸಾಬ ಹಲ್ಲಿನ ಸಂದಿಯಿಂದ ಅಡಿಕೆ ಚೂರು ತೆಗೆಯುತ್ತ ಹೇಳಿದ:

"ಹನುಮಣ್ಣ, ಕ್ವಾಣಕ್ಕ ಗಂಡಸು ಹೆಂಗಸು ಗೊತ್ತಾಗಂಗಿಲ್ಲೋ. ಮೇವು ಹಾಕಿದ ಕೈ ಗೊತ್ತಾಗ್ತೈತಿ."

ಆಗ ಮಾತಾಡಿದವಳು ಆಯಿ. ಆಯಿ ಗಂಡನ ಮುಂದೆ ದನಿ ಎತ್ತುವವಳಲ್ಲ. ಅಂದೂ ಎತ್ತಲಿಲ್ಲ. ತವೆಯ ಮೇಲಿನ ರೊಟ್ಟಿ ತಿರುವುತ್ತ, ಪಕ್ಕದಲ್ಲಿ ಕುಳಿತಿದ್ದ ನನ್ನ ಕಡೆ ನೋಡಿ, ನಾಳೆಯ ಅಡುಗೆ ಏನು ಎಂದು ಹೇಳುವ ಹಾಗೆ ಹೇಳಿದಳು.

"ಊರಿಗಿ ಬಾಯಿ ಐತಿ, ಅಂತೈತಿ. ಅಕಿ ಒಬ್ಬಾಕಿ ಹೋದ್ರ ತಾನಾ ಅನ್ನೂದು? ನಾನೂ ಹೋಗ್ತೀನಿ. ಈ ಹುಡುಗೀನೂ ಬರ್ತಾಳ. ನಿಮ್ಮ ಗಿಡಾ ಹೆಂಗಿರ್ತಾವ ನಾ ಒಂದಾರ ನೋಡಬ್ಯಾಡೇನು?"

ಮುತ್ಯಾ ಅವಳ ಮುಖವನ್ನೇ ನೋಡಿದ. ಆಮೇಲೆ ತಾಟು ಎಳೆದುಕೊಂಡು ಊಟ ಮಾಡಿದ. ನಮ್ಮ ಮನೆಯಲ್ಲಿ ಒಪ್ಪಿಗೆ ಹಾಗೆಯೇ ಇರುತ್ತಿತ್ತು.

ಮರುದಿನ ಬಿಸಿಲೇರುವ ಮೊದಲೇ ಹೊರಟೆವು. ಮುಂದೆ ಅತ್ತಿ ಮತ್ತು ಕೋಣಗಳು, ನಡುವೆ ಬುತ್ತಿಗಂಟು ಹೊತ್ತ ಆಯಿ ಮತ್ತು ನಾನು, ಹಿಂದೆ ಹಗ್ಗ ಹೊತ್ತ ಮುದುಕರಿಬ್ಬರು, ಅವರ ಹಿಂದೆ ಕೆಲಸಕ್ಕೆ ಬಂದ ಊರಿನ ನಾಲ್ಕು ಆಳು. ನಾನು ಹುಟ್ಟಿದಾಗಿನಿಂದ ಕೆಳಗಿನಿಂದ ನೋಡಿದ ಗುಡ್ಡ ಹತ್ತಿರ ಹೋದಹಾಗೆ ಬೇರೆಯೇ ಆಯಿತು. ಬಂಡೆಗಳ ನಡುವೆ ಓಣಿಗಳಿದ್ದವು, ಮೂಲೆಗಳಿದ್ದವು, ನೆರಳಿನ ಕೋಣೆಗಳಿದ್ದವು. ಸಂದಿಸಂದಿಯಲ್ಲಿ ಕಡಿದ ಮರಗಳ ಬುಡಗಳು, ಬಿಸಿಲಿಗೆ ಕಪ್ಪಾಗಿ ಕಲ್ಲಿನಿಂದ ಬೇರೆ ಮಾಡಲು ಬಾರದ ಹಾಗೆ. ಆಯಿ ಒಂದರ ಮೇಲೆ ದಣಿವಾರಿಸಿಕೊಳ್ಳಲು ಕುಳಿತಳು. ಆಗ ಮುತ್ಯಾ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ.

"ನೀ ಕುಂತದ್ದು ನಮ್ಮ ಪಡಸಾಲಿ ಕಂಬ."

"ಯಾವುದು?"

"ದೇವರ ಮನಿ ಬಾಜೂಕ ಐತಲ್ಲ, ನೀ ಕಡಗೋಲ ಕಟ್ಟತೀಯಲ್ಲ, ಅದು. ಅಗೋ ಅಲ್ಲಿದು ಗೌಡರ ಮನಿ ತಲಿಬಾಗ್ಲ. ಅದರ ಕೆಳಗಿಂದು ಕುಷ್ಟಗಿಗೆ ಹೋತು, ಅಲ್ಲಿ ಒಬ್ಬ ಸಾಹುಕಾರ ಅಂಗಡಿ ಕಟ್ಟಿಸಿದ್ದ. ಮ್ಯಾಲ ಬಂಡಿಗಲ್ಲಿನ ಅಂಚಿಗೈತಲ್ಲ ದಪ್ಪಂದು, ಅದು ಗಾಣ. ತಾವರಗೇರಾದಾಗ ಐತಿ."

ಅತ್ತಿ ತಿರುಗಿ ನೋಡಿದಳು. "ಆ ಗಾಣದ ಎಣ್ಣಿ ನಾ ತಿಂದೀನಿ," ಎಂದಳು.

ಮುತ್ಯಾ ಹೇಳುತ್ತ ಹೋದ. ಕಾಶೀಮಸಾಬ ಮರೆತದ್ದನ್ನು ಸೇರಿಸಿದ. ಯಾವ ಬುಡ ಯಾರ ತೊಟ್ಟಿಲು, ಯಾವುದು ಯಾವ ಮಸೀದಿಯ ಕಂಬ, ಯಾವುದು ಯಲಬುರ್ಗಾದ ಕಡೆಯ ಯಾವ ಚಕ್ಕಡಿಯ ಅಚ್ಚು. ಗುಡ್ಡದ ತುಂಬ ಸುತ್ತಮುತ್ತಲಿನ ಊರುಗಳೇ ಕುಳಿತಂತೆ ನನಗೆ ಅನ್ನಿಸಿತು. ಇಬ್ಬರು ಮುದುಕರೂ ಹುರುಪಿನಲ್ಲಿದ್ದರು, ನೆಂಟರ ಹೆಸರು ಹೇಳುವವರ ಹಾಗೆ. ಆಯಿ ಎಲ್ಲ ಕೇಳಿಸಿಕೊಂಡು, ಸೆರಗಿನಿಂದ ಕುತ್ತಿಗೆ ಒರಸಿಕೊಂಡು ಕೇಳಿದಳು.

"ಇಷ್ಟೂ ಕಡದ್ರಿ. ಒಂದಾರ ಹಚ್ಚೀರೇನು?"

"ಗುಡ್ಡದ ಗಿಡಾ ಯಾರು ಹಚ್ಚತಾರ? ತಾವಾ ಬರ್ತಾವ."

"ಬರ್ಲಿಲ್ಲಲ್ಲ."

ಮುತ್ಯಾ ಬುಡಗಳ ಕಡೆ ನೋಡಿದ. "ಚಿಗೀತಾವ. ಆಡು ಬಿಟ್ರ ತಾನಾ," ಎಂದ. "ನನ್ನ ಆಡಿನ ಮ್ಯಾಲ ಹಾಕಬ್ಯಾಡಪಾ, ಅದು ಮೊನ್ನಿ ಮೊನ್ನಿ ಬಂದದ್ದು," ಎಂದಳು ಅತ್ತಿ. ಹಿಂದಿನ ಸಂಜೆಯ ಜಗಳದ ನಂತರ ಅವಳು ನೇರವಾಗಿ ಅವನಿಗೆ ಆಡಿದ ಮೊದಲ ಮಾತು ಅದು. ಆಳುಗಳು ನಕ್ಕರು. ಮುತ್ಯಾ ನಗಲಿಲ್ಲ, ಆದರೆ ಹಗ್ಗದ ಸುರುಳಿಯನ್ನು ಅವಳ ಕೈಗೆ ಕೊಟ್ಟ. ಆಯಿ ಮಾತ್ರ ಎದ್ದು ಹೊರಡುವಾಗ ತಾನು ಕುಳಿತಿದ್ದ ಬುಡವನ್ನು, ಮಕ್ಕಳ ಬೆನ್ನು ಸವರುವ ಹಾಗೆ ಒಮ್ಮೆ ಸವರಿದಳು.

ಕೊಳ್ಳದಲ್ಲಿ ಕಮರದ ದಿಮ್ಮಿ ಮಲಗಿತ್ತು. ಸಿಪ್ಪೆ ಸುಲಿದ ಮೈ ಕೆಂಪಗೆ ಹೊಳೆಯುತ್ತಿತ್ತು. ಅಲ್ಲಿಂದ ಹೊರಬರಲು ಒಂದೇ ದಾರಿ. ಮೊದಲು ಒಂದು ಬಂಡೆಯ ಬೆನ್ನು ಏರಬೇಕು, ಆಮೇಲೆ ಅದೇ ಬಂಡೆಯ ಇಳಿಜಾರಿನಲ್ಲಿ ಊರಿನ ಕಡೆ ಇಳಿಯಬೇಕು. ಇಳಿಜಾರಿನ ಒಂದು ಪಕ್ಕ ಗೋಡೆಯಂಥ ಕಲ್ಲು, ಇನ್ನೊಂದು ಪಕ್ಕ ಕಮರಿ. ಅತ್ತಿ ಕೋಣ ಹೂಡಿದಳು, ಆಳುಗಳು ಹಾರೆ ಹಾಕಿ ಮೀಟಿದರು. ದಿಮ್ಮಿ ಬಂಡೆಯ ಬುಡದ ತನಕ ಬಂದು ನಿಂತಿತು. ಬಂಡೆಯ ಮೈ ತರಿತರಿ, ಗರಗಸದ ಹಲ್ಲಿನ ಹಾಗೆ. ಕೋಣಗಳು ಎಷ್ಟು ಜಗ್ಗಿದರೂ ದಿಮ್ಮಿ ಅಲುಗಲಿಲ್ಲ. ಮಧ್ಯಾಹ್ನದವರೆಗೂ ಹೆಣಗಿ ಎಲ್ಲರೂ ಕುಸಿದು ಕುಳಿತರು. ಎರಡು ತುಂಡು ಮಾಡಿದರೆ ಸಲೀಸಾಗಿ ಒಯ್ಯಬಹುದು ಎಂದ ಕಾಶೀಮಸಾಬ. ಎರಡು ತುಂಡಾದರೆ ಅದು ತೊಲೆಯಲ್ಲ, ಉರುವಲು ಎಂದ ಮುತ್ಯಾ. ಇಬ್ಬರೂ ಆ ಗೆಳೆತನದಲ್ಲಿ ಮೊದಲ ಸಲವೋ ಎಂಬಂತೆ ಒಬ್ಬರಿಗೊಬ್ಬರು ಬೆನ್ನು ಮಾಡಿ ಕುಳಿತರು.

ಅತ್ತಿ ಅಷ್ಟು ಹೊತ್ತೂ ಕೆಳಗಿನ ಬಯಲು ನೋಡುತ್ತಿದ್ದಳು. ಅಲ್ಲಿ ಬಾಳೆಯ ತೋಟಗಳಿದ್ದವು, ಗೊನೆ ಕಡಿದು ಬಿಸಾಕಿದ ಬಾಳೆದಿಂಡುಗಳ ರಾಶಿ ಇತ್ತು. ಅವಳು ಆಳುಗಳಿಗೆ ಹೇಳಿದಳು, "ಆ ದಿಂಡು ಹೊತ್ಕೊಂಡು ಬರ್ರಿ. ನಿನ್ನಿ ತ್ವಾಟದಾಗ ಮೇವು ಕೊಯ್ಯಾಕ ಹೋದಾಗ ಅದರ ಮ್ಯಾಲ ಕಾಲಿಟ್ಟು ಜಾರಿ ಬಿದ್ದೀನಿ. ನಡಾ ಇನ್ನೂ ನೋವೈತಿ. ನನ್ನ ಜಾರಿಸಿದ್ದು ಈ ಕಟಗೀನ ಜಾರಸಂಗಿಲ್ಲೇನು?" ಆಳುಗಳು ಮುತ್ಯಾನ ಮುಖ ನೋಡಿದರು. ಮುತ್ಯಾ ತಲೆಯಾಡಿಸಿದ. ದಿಂಡುಗಳು ಬಂದವು. ಬಂಡೆಯ ಮೇಲೆ ಅವುಗಳನ್ನು ಅಡ್ಡಡ್ಡ ಹಾಸಿ, ದಿಮ್ಮಿಯ ಮೂತಿಯನ್ನು ಮೀಟಿ ಮೇಲಿಟ್ಟು, ಅತ್ತಿ ಕೋಣಗಳಿಗೆ ಒಂದು ದನಿ ಕೊಟ್ಟಳು. ದಿಂಡು ಪಚಪಚ ಜಜ್ಜಿ ನೀರು ಬಿಟ್ಟಿತು, ದಿಮ್ಮಿ ಹಾವಿನ ಹಾಗೆ ಏರಿ ಬಂತು. ಬಂಡೆಯ ಬೆನ್ನಿನ ಮೇಲೆ ಬಂದು ನಿಂತಾಗ ಕಾಶೀಮಸಾಬ ಮುತ್ಯಾನ ಕಡೆ ತಿರುಗಿ ಕುಳಿತ.

ಇಳಿಸುವುದು ಇನ್ನೂ ಕಷ್ಟದ್ದು. ಏರಲು ಜಾರಿಕೆ ಬೇಕಿತ್ತು, ಇಳಿಯಲು ಅದೇ ಜಾರಿಕೆ ವೈರಿ. ಅತ್ತಿ ಕೋಣಗಳನ್ನು ಬಿಚ್ಚಿ ದಿಮ್ಮಿಯ ಹಿಂದೆ, ಮುಖ ಗುಡ್ಡದ ಕಡೆ ಮಾಡಿ ಕಟ್ಟಿದಳು. ದಿಮ್ಮಿ ಕೆಳಗೆ ಜಾರುತ್ತಿದ್ದರೆ ಅವು ಅದನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡಬೇಕು. ಕೋಣಕ್ಕೆ ಹಿಂದೆ ನಡೆಯುವುದು ಇಷ್ಟವಿಲ್ಲ. ಅತ್ತಿ ಅವುಗಳ ಮುಂದೆ ನಿಂತು, ಎರಡೂ ಮೂಗುದಾರ ಹಿಡಿದು, ಕೊಟ್ಟಿಗೆಯಲ್ಲಿ ಮಾತಾಡುವ ದನಿಯಲ್ಲೇ ಮಾತಾಡುತ್ತ ಹೆಜ್ಜೆ ಇಡಿಸಿದಳು. ಅರ್ಧ ದಾರಿ ಹಾಗೆಯೇ ಇಳಿದರು. ಆಗ ಒಂದು ಹಗ್ಗ ಕಲ್ಲಿನ ಅಂಚಿಗೆ ತಿಕ್ಕಿ ಹರಿಯಿತು. ದಿಮ್ಮಿಯ ತಲೆ ಕಮರಿಯ ಕಡೆ ಹೊರಳಿತು. ಭಾರವೆಲ್ಲ ಒಂದೇ ಹಗ್ಗದ ಮೇಲೆ ಬಿದ್ದು ಕರಿಯಾ ಮೊಣಕಾಲೂರಿ ಬಿತ್ತು. ಅದು ಹೋದರೆ ದೊಡ್ಡ್ಯಾ ಹೋಗುತ್ತದೆ, ಮೂಗುದಾರ ಕೈಗೆ ಸುತ್ತಿಕೊಂಡ ಅತ್ತಿಯೂ ಹೋಗುತ್ತಾಳೆ. ಮುತ್ಯಾ, "ಹುಲಿಗಿ, ಬಿಡು, ಹಗ್ಗಾ ಬಿಟ್ಟು ಸರಿ," ಎಂದು ಕೂಗಿದ. ತೊಲೆಯ ಮಾತು ಅವನ ಬಾಯಲ್ಲಿ ಇರಲಿಲ್ಲ.

ಅತ್ತಿ ಬಿಡಲಿಲ್ಲ. ಕರಿಯಾನ ಹಣೆಗೆ ತನ್ನ ಹಣೆ ಹಚ್ಚಿ, "ನಿಲ್ಲಪಾ, ನಿಲ್ಲು, ನಾ ಅದೀನಿ," ಎನ್ನುತ್ತಿದ್ದಳು. ಆಯಿ ಮತ್ತು ನಾನು ಬಂಡೆಯ ಅಂಚಿನಲ್ಲಿ ಇಳಿಯುತ್ತಿದ್ದೆವು, ದಿಮ್ಮಿಯ ಕಡೆಯ ಹರಿದ ಹಗ್ಗದ ತುದಿ ನಮ್ಮ ಕಾಲ ಹತ್ತಿರ ಜಾರಿಕೊಂಡು ಹೋಗುತ್ತಿತ್ತು. ಅದನ್ನು ಹಿಡಿದವಳು ಆಯಿ. ಹಿಡಿದರೇನು, ಅವಳೇ ಎಳೆದುಕೊಂಡು ಹೊರಟಳು. ನಾನು ಅವಳ ಸೊಂಟ ತಬ್ಬಿದೆ.

"ಗಾಣದ ಬುಡಕ್ಕ ಸುತ್ತು," ಎಂದ ಮುತ್ಯಾ. "ನಿನ್ನ ಬೆನ್ನಿಗೈತಿ ನೋಡು, ಗಾಣದ್ದು."

ಆಯಿ ತಿರುಗಿದಳು. ಬೆಳಗ್ಗೆ ಮುತ್ಯಾ ತೋರಿಸಿದ್ದ ದಪ್ಪನೆಯ ಬುಡ ಅಲ್ಲೇ ಇತ್ತು. ನಾವಿಬ್ಬರೂ ಸೇರಿ ಹಗ್ಗವನ್ನು ಅದಕ್ಕೆ ಸುತ್ತಿದೆವು. ಎಮ್ಮೆ ಕಟ್ಟುವ ಗಂಟನ್ನೇ ಆಯಿ ಹಾಕಿದಳು. ಹಗ್ಗ ಬಿಗಿದು ಗುಂಯ್‌ಗುಟ್ಟಿತು. ಬುಡ ಅಲುಗಲಿಲ್ಲ, ಅದರ ಬೇರು ಇನ್ನೂ ಬಂಡೆಯ ಒಳಗೇ ಹಿಡಿದುಕೊಂಡಿತ್ತು. ಕಾಶೀಮಸಾಬ ಓಡಿ ದಿಮ್ಮಿಯ ಮೂತಿಗೆ ಕಲ್ಲು ಕೊಟ್ಟ. ಎಲ್ಲವೂ ನಿಂತಿತು. ಕರಿಯಾ ಎದ್ದು ನಿಂತು ಮೈ ಕೊಡವಿತು. ಮುತ್ಯಾ ಬಂದವನೇ ದಿಮ್ಮಿ ನೋಡಲಿಲ್ಲ, ಮಗಳ ಕೈಗಳನ್ನು ತಿರುವಿ ತಿರುವಿ ನೋಡಿದ. ಅಂಗೈ ಸುಲಿದಿತ್ತು. ತನ್ನ ತಲೆಯ ರುಮಾಲು ಬಿಚ್ಚಿ, ಎರಡು ಸೀಳು ಮಾಡಿ, ಒಂದೊಂದು ಕೈಗೆ ಸುತ್ತಿದ. ಆಮೇಲೆ ಬುತ್ತಿ ಬಿಚ್ಚಿ ಎಲ್ಲರೂ ಸುತ್ತ ಕುಳಿತು ರೊಟ್ಟಿ, ಕೆಂಪು ಚಟ್ನಿ, ಮೊಸರು ತಿಂದೆವು. ಅಂದು ಬಡಿಸಿದವನು ಮುತ್ಯಾ. ಅವನು ಬಡಿಸಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಸಂಜೆಗೆ ದಿಮ್ಮಿ ಊರು ಸೇರಿತು. ಓಣಿಯ ಹೆಂಗಸರು ಕೋಣಗಳಿಗೆ ಆರತಿ ಎತ್ತಿದರು, ಅತ್ತಿಯ ಕಾಲಿಗೂ ನೀರು ಹಾಕಿದರು. ಊರು ಏನನ್ನುತ್ತದೆ ಎಂಬುದು ಹೀಗೆ ತಿಳಿಯಿತು. ಮುಂದಿನ ದಿನಗಳಲ್ಲಿ ಹಿತ್ತಲ ಗುಂಡಿಯ ಮೇಲೆ ಮುದುಕರಿಬ್ಬರೂ ಆ ಕಮರವನ್ನು ಚೌಕ ಮಾಡಿದರು. ಗರಗಸಕ್ಕೆ ಪದೇಪದೇ ಅರ ಹಿಡಿಯಬೇಕಾಯಿತು. ಕಬ್ಬಿಣ ತಿನ್ನುವ ಮರ ಎಂದು ಕಾಶೀಮಸಾಬ ಗುಂಡಿಯೊಳಗಿನಿಂದ ಬೈಯುತ್ತಿದ್ದ, ಅವನ ಗಡ್ಡ ಕೆಂಪು ಹೊಟ್ಟಿನಿಂದ ಮದರಂಗಿ ಹಚ್ಚಿದ ಹಾಗಾಗಿತ್ತು. ಹಳೆಯ ತೊಲೆ ಇಳಿಸಿ ಹೊಸದನ್ನು ಏರಿಸಲು ಓಣಿಯ ಗಂಡಸರೆಲ್ಲ ಬಂದರು. ಅಪ್ಪ ಕಾಲು ಚಾಚಿ ಕುಳಿತಲ್ಲಿಂದಲೇ ಅಪ್ಪಣೆ ಕೊಡುತ್ತಿದ್ದ, ಯಾರೂ ಕೇಳುತ್ತಿರಲಿಲ್ಲ. ತೊಲೆ ಕಂಬಗಳ ಮೇಲೆ ಕುಳಿತ ವಾರಕ್ಕೆ ಮಳೆ ಹಿಡಿಯಿತು. ಮಾಳಿಗೆ ನೀರು ಕುಡಿಯಿತು, ತೊಲೆ ಸದ್ದಿಲ್ಲದೆ ಹೊತ್ತಿತು. ಆನಿಕೆಗಳನ್ನು ಒಂದೊಂದಾಗಿ ತೆಗೆದಾಗ ಪಡಸಾಲೆ ಎಷ್ಟು ದೊಡ್ಡದು ಎಂದು ನಮಗೆಲ್ಲ ಮತ್ತೆ ತಿಳಿಯಿತು. ನಾವು ಮಕ್ಕಳು ಅದರ ಈ ಗೋಡೆಯಿಂದ ಆ ಗೋಡೆಗೆ ಓಡಿ ಓಡಿ ಸುಸ್ತಾದೆವು.

ಮಳೆ ನಿಂತ ಒಂದು ಬೆಳಗ್ಗೆ, ಎಲ್ಲರೂ ಪಡಸಾಲೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಬಾಗಿಲಲ್ಲಿ ಒಬ್ಬ ಅಪರಿಚಿತ ಬಂದು ನಿಂತ. ಯಲಬುರ್ಗಾದ ಕಡೆಯವನು, ಕೆಸರಿಗೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದಿದ್ದ. ಅವರ ಊರಿನ ಗುಡ್ಡದಲ್ಲಿ ಗಾಳಿಗೆ ಬುಡಮೇಲಾದ ಒಂದು ದೊಡ್ಡ ಹುಣಸೆಮರ ಇದೆಯಂತೆ, ಹಳ್ಳದ ದಂಡೆಗೆ ಅಡ್ಡ ಬಿದ್ದಿದೆಯಂತೆ, ಇಳಿಸಲು ಯಾರಿಗೂ ಆಗಿಲ್ಲವಂತೆ. ಮುತ್ಯಾ ಅವನನ್ನು ಒಳಗೆ ಕರೆದು ಕೂಡಿಸಿ ನೀರು ಕೊಡಿಸಿದ.

"ಕಟಗಿ ಇಳಸಾಕ ನಿಮ್ಮನ್ಯಾಗ ಛಲೋ ಆಳು ಅದಾರ ಅಂತ ಕೇಳೀವ್ರಿ ಅಜ್ಜಾರ. ನೀವು ಬರಾಕ ಆಗ್ತೈತೇನ್ರಿ?"

ಮುತ್ಯಾ ರೊಟ್ಟಿ ಮುರಿದು, ಪಲ್ಯದಲ್ಲಿ ಅದ್ದಿ, ಬಾಯಿಗಿಡುವ ಮೊದಲು ಅತ್ತಿಯ ಕಡೆ ಗದ್ದ ತಿರುಗಿಸಿದ.

"ನನ್ನೇನ್ ಕೇಳ್ತೀರಿ? ಅಕಿನ್ನ ಕೇಳ್ರಿ."

ಬಂದವನು ಗಲಿಬಿಲಿಯಾಗಿ ನಮ್ಮೆಲ್ಲರ ಮುಖ ನೋಡಿದ. ಅವ್ವ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಆಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅತ್ತಿ ಬಾಯಲ್ಲಿದ್ದ ತುತ್ತು ನುಂಗಿ, ನೀರು ಕುಡಿದು, ಕೂತಲ್ಲಿಂದಲೇ ಅವನ ಕಡೆ ತಿರುಗಿದಳು.

"ಹಳ್ಳದಾಗ ನೀರು ಎಷ್ಟು ಅದಾವ್ರಿ?" ಎಂದು ಕೇಳಿದಳು.